ಮರದಾಗ ಹರಳು ಆರಿಸಿದಂಗ: ಮಳೆಕಾಡಿನ ತೂಗುಹಾದಿಯಲ್ಲಿ ಪ್ರಾಣಿ-ಪಕ್ಷಿ ಕಾಣುವುದು ಹೆಂಗ

ನಮ್ಮ ಕಲಬುರಗಿ ಕಡೆ ಮರ ಅಂದರೆ ಕಾಳು ಕೇರುವ ಮರ. ಬೇರು ಬಿಟ್ಟು ನಿಂತದ್ದು ಎಷ್ಟೇ ಎತ್ತರ ಬೆಳೆದಿರಲಿ, ಅದು ಗಿಡ: ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ದಾಲ್ ಮಿಲ್ಲೊಂದರಲ್ಲಿ ತೊಗರಿ ಬೇಳೆಯ ಸ್ಯಾಂಪಲ್ ನೋಡುವುದು ನನ್ನ ಕೆಲಸ. ಹಿಡಿ ಬೇಳೆಯನ್ನು ತಟ್ಟೆಯಲ್ಲಿ ಹರವಿದರೆ ಸಾಕು, ಹರಳು ಎಲ್ಲಿದೆ, ಹುಳ ಹೊಡೆದದ್ದು ಎಷ್ಟು, ಸೀಳದೆ ಉಳಿದ ಗೋಟಾ ಎಷ್ಟು ಅಂತ ಕಣ್ಣೇ ಹೇಳುತ್ತದೆ. ನಾನು ಹುಡುಕುವುದಿಲ್ಲ. ಉಳಿದವುಗಳ ಹಾಗೆ ಇಲ್ಲದ್ದು ತಾನೇ ಎದ್ದು ಬರುತ್ತದೆ.

ಇಂಥ ಕಣ್ಣಿದ್ದೂ, ಒಂದು ಫೆಬ್ರುವರಿಯಲ್ಲಿ ಕುವೇಶಿಯ ತೂಗುಹಾದಿಯ ಮೇಲೆ ಮೊದಲ ದಿನ ನನಗೆ ಕಂಡದ್ದು ಬರೀ ಎಲೆ. ನನ್ನನ್ನು ಅಲ್ಲಿಗೆ ಎಳೆದುಕೊಂಡು ಹೋದವಳು ಅಣ್ಣನ ಮಗಳು. ಶಿರಸಿಯ ಅರಣ್ಯ ಕಾಲೇಜಿನಲ್ಲಿ ಓದುತ್ತಾಳೆ. "ಕಾಕಾ, ಅಲ್ಲಿ ನೋಡ್ರಿ" ಅನ್ನುವಳು, ನಾನು ತಿರುಗುವಷ್ಟರಲ್ಲಿ ಟೊಂಗೆ ಮಾತ್ರ ಅಲ್ಲಾಡುತ್ತಿತ್ತು. ಎರಡನೇ ದಿನ ಕಥೆ ಬದಲಾಯಿತು. ಆ ಎರಡು ದಿನಗಳ ನಡುವೆ ಏನೇನು ಕಲಿತೆನೋ ಅದನ್ನು ನಮ್ಮ ಬಯಲುಸೀಮೆಯವರಿಗೆ ಅಂತ ಬರೆಯುತ್ತಿದ್ದೇನೆ. ಮಲೆನಾಡಿನವರಿಗೆ ಇದೆಲ್ಲ ಗೊತ್ತಿರುತ್ತದೆ, ಅವರು ನಕ್ಕರೂ ಅಡ್ಡಿಯಿಲ್ಲ.

ಕುವೇಶಿ ಇರುವುದು ಉತ್ತರ ಕನ್ನಡದ ಜೋಯಿಡಾ ತಾಲೂಕಿನಲ್ಲಿ, ಕ್ಯಾಸಲ್‌ರಾಕ್ ಹತ್ತಿರ, ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ. ಬೋರ್ಡಿನ ಮೇಲೆ 'ಕ್ಯಾನೋಪಿ ವಾಕ್' ಅಂತ ಇದೆ. ಗಿಡಗಳ ನೆತ್ತಿಯ ನಡುವೆ ಕಟ್ಟಿದ ಸುಮಾರು 240 ಮೀಟರ್ ಉದ್ದದ ತೂಗುವ ಕಾಲುಹಾದಿ. ನಮ್ಮಲ್ಲಿ ವರ್ಷಕ್ಕೆ 700-800 ಮಿಲಿಮೀಟರ್ ಮಳೆಯಾದರೆ ಸಂಭ್ರಮ. ಆ ಘಟ್ಟದಲ್ಲಿ 5000 ದಾಟುತ್ತದೆ. ಹಾಗಾಗಿ ಕಾಡು ಒಂದರ ಮೇಲೊಂದು ಅಂತಸ್ತು ಕಟ್ಟಿಕೊಂಡು ಬೆಳೆದಿದೆ. ಬಿಸಿಲು, ಹೂವು, ಹಣ್ಣು ಎಲ್ಲ ಮೇಲಿನ ಅಂತಸ್ತಿನಲ್ಲೇ ಇರುವುದರಿಂದ ಉಣ್ಣುವವರೂ ಅಲ್ಲೇ ಇರುತ್ತಾರೆ. ಕೆಳಗೆ ನಿಂತು ಕುತ್ತಿಗೆ ಎತ್ತಿದರೆ ಬೆಳಕಿಗೆದುರು ಕರಿ ನೆರಳಷ್ಟೇ ಕಾಣುತ್ತದೆ. ತೂಗುಹಾದಿಯ ಮೇಲೆ ನಿಂತರೆ ಹಕ್ಕಿಯ ಬೆನ್ನು ಕಾಣುತ್ತದೆ, ಬಣ್ಣ ಕಾಣುತ್ತದೆ.

ನನಗೆ ಇದು ಹೊಸದಲ್ಲ ಅಂತ ಆಮೇಲೆ ಹೊಳೆಯಿತು. ನಾನು ಹುಟ್ಟಿದ್ದು ಚಿಂಚೋಳಿ ತಾಲೂಕಿನ ಹಳ್ಳಿಯಲ್ಲಿ. ಜೋಳ ಹಾಲುಗಾಳಿಗೆ ಬಂದಾಗ ಹೊಲದ ನಡುವೆ ಅಟ್ಟ ಕಟ್ಟಿ, ಕವಣಿ ಹಿಡಿದು, ಹಕ್ಕಿ ಕಾಯಲು ನಮ್ಮನ್ನು ಕೂರಿಸುತ್ತಿದ್ದರು. ತೆನೆಗಿಂತ ಒಂದಾಳು ಎತ್ತರ. ಗಿಳಿಗಳ ಹಿಂಡು ಇಳಿಯುವ ಮುಂಚೆಯೇ ಗೊತ್ತಾಗುತ್ತಿತ್ತು, ಯಾಕೆಂದರೆ ಇಡೀ ಹೊಲ ಒಂದು ದಿಕ್ಕಿಗೆ ತೂಗುವಾಗ ಒಂದೇ ಒಂದು ತೆನೆ ಬೇರೆ ಕಡೆ ತೂಗುತ್ತಿತ್ತು. ಕಾಡಿನಲ್ಲೂ ಮೊದಲು ನೋಡಬೇಕಾದದ್ದು ಅದನ್ನೇ.

ಹೋಗುವ ಮುಂಚೆ ಊರಿನಲ್ಲೇ ಹದಿನೈದು ದಿನ ಕಣ್ಣು-ಕಿವಿ ಹದ ಮಾಡಿಕೊಳ್ಳಿ. ಹೊಸ ಬೂಟು ಕೊಳ್ಳುವುದಕ್ಕಿಂತ ಇದು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಅರಳಿ ಗಿಡ ಎಲ್ಲಿಲ್ಲ? ಗುಡಿ ಮುಂದೆ ಇದೆ, ಶರಣಬಸವೇಶ್ವರ ಕೆರೆಯ ಸುತ್ತ ಅಡ್ಡಾಡುವವರಿಗಂತೂ ಗಿಡಗಳಿಗೆ ಕೊರತೆ ಇಲ್ಲ. ಬಿಸಿಲು ಏರುತ್ತಿರುವಾಗ 'ಟುಕ್ ಟುಕ್ ಟುಕ್' ಅಂತ ತಾಮ್ರದ ಕೊಡ ಬಡಿದ ಹಾಗೆ ಒಂದೇ ಸಮನೆ ಸದ್ದು ಬರುತ್ತದೆಯಲ್ಲ, ಅದು ಕಂಚುಕುಟಿಗ. ಗುಬ್ಬಿಗಿಂತ ಸ್ವಲ್ಪ ದೊಡ್ಡದು, ಮೈ ಹಸಿರು, ಹಣೆ ಕೆಂಪು. ಅದನ್ನು ಕಣ್ಣಿಂದ ಹಿಡಿಯಿರಿ. ಅಷ್ಟು ಸುಲಭವಲ್ಲ. ಅದು ಕೂಗುತ್ತ ಕುತ್ತಿಗೆಯನ್ನು ಆ ಕಡೆ ಈ ಕಡೆ ತಿರುಗಿಸುತ್ತದೆ, ಸದ್ದು ಗಿಡದ ತುಂಬ ಓಡಾಡಿದಂತೆ ಕೇಳುತ್ತದೆ. ನಮ್ಮ ಮಿಲ್ಲಿನ ಗೇಟಿನ ಹತ್ತಿರ ಅರಳಿ ಗಿಡ ಇದೆ. ಅದರ ಕೆಳಗೆ ನಾಲ್ಕು ದಿನ ಬಾಯಿ ತೆರೆದು ನಿಂತಿದ್ದೆ. ಐದನೇ ದಿನ ಚೀಲ ಇಳಿಸುವ ಹಮಾಲಿ ಕೇಳಿದ:

"ಏನ್ ನೋಡ್ಲಾಕತ್ತೀರಿ ಸಾಹೇಬ್ರ?"

"ಟುಕ್ ಟುಕ್ ಅಂತದಲ್ಲೋ, ಅದು ಎಲ್ಲಿ ಕುಂತದ ಅಂತ."

"ಎಲಿಯಾಗ ಯಾಕ ಹುಡುಕ್ತೀರಿ? ಅಗೋ, ಒಣಗಿದ ಟೊಂಗಿ ತುದಿ ಮ್ಯಾಲ. ಬಿಸಲು ಕಾಸಕೋತ ಕುಂತದ."

ತಲೆ ಮೇಲೆ ಒಂದು ಕ್ವಿಂಟಲ್ ಹೊತ್ತುಕೊಂಡೇ ಹೇಳಿದ. ಅವನೂ ಚಿಕ್ಕಂದಿನಲ್ಲಿ ಹೊಲ ಕಾದವನೇ ಇರಬೇಕು. ಮುಂಜಾನೆ ಚಳಿಗೆ ಹಕ್ಕಿ ಬೋಳು ಟೊಂಗೆಯ ತುದಿಗೆ ಬಂದು ಕೂರುತ್ತದೆ ಅನ್ನುವ ಈ ಮಾತು ಕುವೇಶಿಯಲ್ಲಿ ನನಗೆ ಮೂರು ಸಲ ಕೈಹಿಡಿಯಿತು. ಘಟ್ಟದಲ್ಲಿ ದಿನವಿಡೀ 'ಕುಟ್ರೂ ಕುಟ್ರೂ' ಅಂತ ಕೂಗುವ ಕುಟ್ರುಹಕ್ಕಿ ಇದೇ ಕುಲದ್ದು. ಕಂಚುಕುಟಿಗನನ್ನು ಪಳಗಿಸಿಕೊಂಡವರಿಗೆ ಅದು ದೊಡ್ಡದಲ್ಲ.

ದುರ್ಬೀನಿನ ವಿಷಯದಲ್ಲಿ ನಾನು ಮೋಸ ಹೋದೆ, ನೀವು ಹೋಗಬೇಡಿ. ಹೆಚ್ಚು ದೊಡ್ಡದು ಮಾಡಿ ತೋರಿಸುವುದೇ ಒಳ್ಳೆಯದು ಅಂತ 10x50 ಅಂತ ಬರೆದದ್ದನ್ನು ಕೊಂಡೆ. ಮೊದಲ ಅಂಕಿ ಎಷ್ಟು ಪಟ್ಟು ಹತ್ತಿರ ತೋರಿಸುತ್ತದೆ ಅನ್ನುವುದು, ಎರಡನೆಯದು ಮುಂದಿನ ಗಾಜಿನ ಅಗಲ, ಮಿಲಿಮೀಟರಿನಲ್ಲಿ. ಹತ್ತು ಪಟ್ಟು ದೊಡ್ಡದಾಗುವುದು ಹಕ್ಕಿ ಮಾತ್ರ ಅಲ್ಲ, ನಿಮ್ಮ ಕೈಯ ನಡುಕವೂ. ತೂಗುಹಾದಿ ಬೇರೆ ಅಲುಗುತ್ತಿರುತ್ತದೆ. ಅಣ್ಣನ ಮಗಳ 8x42 ಹಿಡಿದಾಗ ಚಿತ್ರ ನಿಂತಿತು, ಅದರಲ್ಲಿ ಕಾಣುವ ಬಯಲೂ ಅಗಲ. ಬಳಸುವ ಬಗೆ ಇಷ್ಟೇ: ಮೊದಲು ಬರಿಗಣ್ಣಿನಲ್ಲಿ ಜಾಗ ಹಿಡಿಯಿರಿ, ದೃಷ್ಟಿ ಕೀಳದೆ ದುರ್ಬೀನನ್ನು ಕಣ್ಣಿನ ಹತ್ತಿರ ತನ್ನಿ. ದುರ್ಬೀನಿನಲ್ಲೇ ಹುಡುಕಲು ಹೊರಟರೆ ಗಿಡದ ತುಂಬ ಅಲೆದು ತಲೆ ಸುತ್ತು ಬರುತ್ತದೆ. ಇದನ್ನೂ ಮನೆ ಮಾಳಿಗೆ ಮೇಲೆ ನಿಂತು, ದೂರದ ನೀರಿನ ಟಾಕಿಯ ಮೇಲಿನ ಪಾರಿವಾಳ ನೋಡಿ ರೂಢಿ ಮಾಡಿಕೊಳ್ಳಬಹುದು.

ಪ್ರಯಾಣದ ಬಗ್ಗೆ ಹೆಚ್ಚು ಹೇಳುವುದಿಲ್ಲ. ರಾತ್ರಿ ಬಸ್ಸಿಗೆ ಹುಬ್ಬಳ್ಳಿ, ಅಲ್ಲಿಂದ ಲೋಂಡಾ ಮೇಲೆ ಕ್ಯಾಸಲ್‌ರಾಕ್. ಮಳೆಗಾಲದಲ್ಲಿ ಇಂಥ ಹಾದಿಗಳನ್ನು ಮುಚ್ಚುವುದುಂಟು, ಆದ್ದರಿಂದ ಹೊರಡುವ ಮುಂಚೆ ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಿ. ಬಟ್ಟೆ ಮಣ್ಣಿನ ಬಣ್ಣದ್ದಿರಲಿ. ಬಿಳಿ ಅಂಗಿ ಜಾತ್ರೆಗೆ ಸರಿ. ಅತ್ತರು ಹಚ್ಚಿಕೊಳ್ಳಬೇಡಿ. ಬುತ್ತಿಗೆ ಕಟಕ್ ರೊಟ್ಟಿ ಒಯ್ಯುವ ಆಸೆ ನಮ್ಮವರಿಗೆಲ್ಲ ಇರುತ್ತದೆ. ಒಯ್ಯಿರಿ, ಆದರೆ ಜೀಪಿನ ಹತ್ತಿರ ತಿಂದು ಮುಗಿಸಿ. ಹಾದಿಯ ಮೇಲೆ ಅದನ್ನು ಮುರಿದರೆ ಫರ್ಲಾಂಗು ದೂರ ಕೇಳುತ್ತದೆ, ಅಲ್ಲದೆ ಮುಸಿಯಗಳಿಗೆ, ಅಂದರೆ ಕರಿಮುಖದ ಉದ್ದ ಬಾಲದ ಮಂಗಗಳಿಗೆ, ತಿಂಡಿಯ ರುಚಿ ಹತ್ತಿಸುವುದು ಪಾಪದ ಕೆಲಸ.

ಗೈಡ್ ಅನ್ನುವವನನ್ನು ನಮ್ಮ ಜನ ದಾರಿ ತೋರಿಸುವ ಆಳು ಅಂತ ತಿಳಿಯುತ್ತಾರೆ. ನಮಗೆ ಸಿಕ್ಕವರು ಅದೇ ಕಾಡಿನ ಊರಿನ ಕುಣಬಿ ಸಮುದಾಯದವರು, ಮನೆಯಲ್ಲಿ ಕೊಂಕಣಿ, ನಮ್ಮ ಜೊತೆ ಕನ್ನಡ. ಮೊದಲ ದಿನ ನಮ್ಮ ಗುಂಪಿನ ಆರು ಮಂದಿಯೂ ಅವರನ್ನು ಕೇಳಿದ್ದು ಒಂದೇ: "ಹುಲಿ ಕಾಣ್ತದೇನ್ರಿ?" ಅವರು ನಗುತ್ತ ಸುಮ್ಮನಾದರು. ಎರಡನೇ ದಿನ ಅಣ್ಣನ ಮಗಳು ಕೇಳಿದಳು: "ಅಣ್ಣಾ, ಈಗ ಯಾವ್ಯಾವ ಮರ ಹಣ್ಣು ಬಿಟ್ಟಾವು?" ಆ ಮನುಷ್ಯನ ಮುಖವೇ ಬೇರೆಯಾಯಿತು. ಬೆರಳು ಮಡಚಿ ಹೇಳತೊಡಗಿದರು: ಆ ತಿರುವಿನಾಚೆ ಒಂದು ಬಸರಿ ಹಣ್ಣಾಗಿದೆ, ನಾಲ್ಕು ದಿನದಿಂದ ಅಲ್ಲಿ ಗದ್ದಲ, ಅತ್ತಿ ಇನ್ನೂ ಕಾಯಿ, ಎತ್ತರದ ಗಿಡವೊಂದರ ಕಡೆ ಎರಡು ಗೂಡು. ಅತ್ತಿ, ಆಲ, ಬಸರಿ, ಗೋಣಿ ಇವೆಲ್ಲ ಒಂದೇ ಮನೆತನದ ಗಿಡಗಳು. ಒಂದೊಂದು ಗಿಡ ಒಂದೊಂದು ಹೊತ್ತಿನಲ್ಲಿ ಹಣ್ಣಾಗುವುದರಿಂದ, ಬೇರೆ ಹಣ್ಣಿಲ್ಲದ ಕಾಲದಲ್ಲೂ ಕಾಡಿನ ಹಸಿವನ್ನು ಇವೇ ತಣಿಸುತ್ತವೆ. ಹಣ್ಣಾದ ಬಸರಿ ಗಿಡ ಅಂದರೆ ಸಂತೆ ದಿನದ ಭಜಿ ಅಂಗಡಿ. ಗಿರಾಕಿಯ ಮನೆ ಹುಡುಕಬೇಕಿಲ್ಲ, ಅಂಗಡಿ ಎದುರು ನಿಂತರೆ ಸಾಕು. ಇನ್ನೂ ಎರಡು ಪ್ರಶ್ನೆ ಕೇಳಿ: ನಿನ್ನೆ ಸಂಜೆ ಏನು ಕೂಗಿತು? ಮೊದಲ ಬಿಸಿಲು ಯಾವ ಗಿಡದ ಮೇಲೆ ಬೀಳುತ್ತದೆ?

ಹಾದಿ ಹತ್ತುವಾಗ ಮೊದಲಿಗರಾಗಿ ಹತ್ತಿ. ಬೇಗ ಏಳಲು ಬೇಜಾರಾದವರಿಗೆ ಇದು ಆಗದ ಕೆಲಸ. ಸೂರ್ಯ ಬಂದ ಮೊದಲ ಎರಡು ತಾಸು, ಇಳಿಯುವ ಮುಂಚಿನ ಎರಡು ತಾಸು, ಇಷ್ಟೇ ಹೊತ್ತು ಕಾಡು ಗಿಜಿಗುಡುವುದು. ನಡು ಮಧ್ಯಾಹ್ನ ಹೋಗುವುದೂ ಒಂದೇ, ಮನೆಯಲ್ಲಿ ಮಲಗುವುದೂ ಒಂದೇ. ಏಕಕಾಲಕ್ಕೆ ಎಷ್ಟು ಜನ ಅಂತ ಗೈಡ್ ಹೇಳಿದ ಮೇಲೆ ವಾದಿಸಬೇಡಿ. ಎಲ್ಲರೂ ಒಂದೇ ತಾಳಕ್ಕೆ ಹೆಜ್ಜೆ ಹಾಕಿದರೆ ಹಾದಿ ಜೋಕಾಲಿಯಾಗುತ್ತದೆ, ಬೇರೆ ಬೇರೆ ಹೆಜ್ಜೆ ಇರಲಿ. ಹಗ್ಗ ಹಿಡಿಯುವ ಮುನ್ನ ಒಮ್ಮೆ ನೋಡಿ ಹಿಡಿಯಿರಿ. ಕೆಂಜಿಗ ಇರುವೆಗಳಿಗೂ ಅದೇ ಹೆದ್ದಾರಿ.

ಆಮೇಲೆ ನಿಲ್ಲಿ. ಹಾದಿಯ ಆ ತುದಿಗೆ ಹೋಗಿ ಫೋಟೋ ಹೊಡೆಸಿಕೊಂಡು ಬರಬೇಕೆನ್ನುವ ಅವಸರ ಮೊದಲ ದಿನ ನನಗೂ ಇತ್ತು. "ಕಾಕಾ, ನೀವು ಹುಡುಕ್ತಾ ಇದ್ದೀರಿ. ಹುಡುಕಬೇಡಿ, ನಿಲ್ಲಿ" ಅಂದರು ಗೈಡ್. ಬಸರಿ ಗಿಡ ಎದುರಿಗೆ ಬರುವ ಜಾಗದಲ್ಲಿ, ಸೂರ್ಯನಿಗೆ ಬೆನ್ನು ಮಾಡಿ, ಇಪ್ಪತ್ತು ನಿಮಿಷ ನಿಲ್ಲಿಸಿದರು. ಮೊದಲ ಐದು ನಿಮಿಷ ಹಾದಿಯ ಅಲುಗಾಟ ನಿಲ್ಲಲು ಬೇಕು. ಆಮೇಲಿನ ಐದು ನಿಮಿಷ ನಮ್ಮ ಮನಸ್ಸಿನ ಅಲುಗಾಟ ನಿಲ್ಲಲು. ಅಷ್ಟರಲ್ಲಿ ನಮಗೆ ಹೆದರಿ ಅಡಗಿದ್ದವೆಲ್ಲ ಮತ್ತೆ ತಮ್ಮ ಕೆಲಸಕ್ಕೆ ಇಳಿಯುತ್ತವೆ.

ಈಗ ನೋಡುವ ಬಗೆ. ಒಂದೇ ಎಲೆ ಮೇಲೆ ಕಣ್ಣು ನೆಡಬೇಡಿ. ಅವ್ವ ಮರ ಹಿಡಿದು ಬೇಳೆ ಹಸನು ಮಾಡುವಾಗ ಕಾಳು ಕಾಳು ನೋಡುತ್ತಿರಲಿಲ್ಲ, ಇಡೀ ಮರವನ್ನು ಸಡಿಲವಾಗಿ ನೋಡುತ್ತ ಬೆರಳು ಆಡಿಸುತ್ತಿದ್ದಳು. ಹಾಗೆ ಗಿಡದ ಒಂದು ಇಡೀ ನೆತ್ತಿಯನ್ನು ಸಡಿಲವಾಗಿ ನೋಡಿ. ಗಾಳಿಗೆ ಎಲ್ಲ ಎಲೆ ಒಟ್ಟಿಗೆ ಆಡುತ್ತವೆ. ಒಂದೇ ಟೊಂಗೆ ಕುಸಿದು ಮೇಲೆದ್ದರೆ ಅದರ ಮೇಲೆ ಭಾರ ಇದೆ. ಕೊಂಬೆಗಳು ಮೇಲಕ್ಕೆ ಓಡುವಲ್ಲಿ ಅಡ್ಡ ಗೆರೆಯೊಂದು ಕಂಡರೆ ಅದು ಬೆನ್ನಾಗಿರಬಹುದು. ಕೆಳಗೆ ಜೋತುಬಿದ್ದ ನೇರ ಗೆರೆ ಬಾಲವಾಗಿರಬಹುದು. ಮೇಲಿಂದ ಹಣ್ಣಿನ ಸಿಪ್ಪೆ ಉದುರುತ್ತಿದ್ದರೆ ಮೇಲೆ ಊಟ ನಡೆದಿದೆ.

ನನಗೆ ಮೊದಲು ಸಿಕ್ಕದ್ದು ಆ ಜೋತುಬಿದ್ದ ಗೆರೆ. ಒಣಬಳ್ಳಿ ಅಂದುಕೊಂಡಿದ್ದೆ. ಬಳ್ಳಿಯ ತುದಿ ಬೆಳ್ಳಗಿತ್ತು, ಅದೂ ಕುಚ್ಚು ಕುಚ್ಚಾಗಿ. ಕಣ್ಣನ್ನು ನಿಧಾನ ಮೇಲೇರಿಸಿದೆ: ಪೊರಕೆಯಂಥ ಬಾಲ, ಕೆನೆಬಣ್ಣದ ಹೊಟ್ಟೆ, ಕಂದುಗೆಂಪು ಬೆನ್ನು. ಕೆಂದಳಿಲು. ನಮ್ಮ ಅಂಗಳದ ಮೂರು ಗೀಟಿನ ಅಳಿಲನ್ನು ಬೆಕ್ಕಿನಷ್ಟು ಬೆಳೆಸಿ ಜಾತ್ರೆಗೆ ಸಿಂಗರಿಸಿದ ಹಾಗೆ. ಮೂಗಿನಿಂದ ಬಾಲದ ತುದಿಯವರೆಗೆ ಹತ್ತಿರ ಹತ್ತಿರ ಒಂದು ಮೀಟರ್. ಹಿಂಗಾಲಲ್ಲಿ ಟೊಂಗೆ ಅವುಚಿಕೊಂಡು, ಮುಂಡವನ್ನು ಒಂದು ಕಡೆ, ಬಾಲವನ್ನು ಇನ್ನೊಂದು ಕಡೆ ಇಳಿಬಿಟ್ಟು, ತಕ್ಕಡಿಯ ಎರಡು ಪರಡಿಯಂತೆ ತೂಗಿಕೊಂಡಿತ್ತು. ಮುಂಗೈಗಳಲ್ಲಿ ಹಣ್ಣು. ತಿರುಗಿಸಿ ತಿರುಗಿಸಿ ಕಚ್ಚುವುದು, ಸಿಪ್ಪೆ ಉಗುಳುವುದು, ಮುಂದಿನ ಹಣ್ಣಿಗೆ ಕೈ ಚಾಚುವುದು. ಹನ್ನೊಂದು ನಿಮಿಷ ನೋಡಿದೆ, ಗಡಿಯಾರ ನೋಡಿಯೇ ಹೇಳುತ್ತಿದ್ದೇನೆ. ಆಮೇಲೆ ಬಂದೂಕಿನ ಗುಂಡಿನ ಹಾಗೆ ಮುಂದಿನ ಗಿಡಕ್ಕೆ ಹಾರಿತು. ಆರು ಮೀಟರಿನಷ್ಟು ದೂರವನ್ನು ಇದು ಒಂದೇ ನೆಗೆತಕ್ಕೆ ದಾಟಬಲ್ಲದು, ನೆಲಕ್ಕಿಳಿಯುವುದು ಬಲು ಅಪರೂಪ. ಟೊಂಗೆಯ ತುದಿ ಕವಲಿನಲ್ಲಿ ಕಡ್ಡಿ-ಎಲೆಯ ಬುಟ್ಟಿಯಂಥ ಗೂಡು ಕಂಡರೆ ಅದು ಇದರದ್ದು. ಎಲೆಗಳನ್ನೇ ಹೊಲಿದು ಮಾಡಿದ ಹಸಿರು ಚೆಂಡಾದರೆ ಅದು ಕೆಂಜಿಗದ್ದು, ಅಲ್ಲಿ ಕೈ ಹಾಕಬೇಡಿ.

ಮಂಗಟ್ಟೆಯನ್ನು, ಅಂದರೆ ಹಾರ್ನ್‌ಬಿಲ್ ಹಕ್ಕಿಯನ್ನು, ಕಾಣುವುದಕ್ಕಿಂತ ಮುಂಚೆ ಕೇಳಬೇಕು. ಕೂಗಲ್ಲ, ರೆಕ್ಕೆ. ರೆಕ್ಕೆಯ ಕೆಳಗಿನ ಗರಿ ತೆಳುವಾಗಿ ಗಾಳಿ ಸಂದಿಯಲ್ಲಿ ನುಗ್ಗುವುದರಿಂದ 'ಹುಸ್ಸ್, ಹುಸ್ಸ್' ಅಂತ ಹಳೇ ರೈಲಿನ ಉಸಿರು ಬಿಟ್ಟ ಹಾಗೆ ಸದ್ದು. ಆ ಸದ್ದು ಕೇಳಿದ ಕೂಡಲೇ ಮೇಲೆ ನೋಡಬೇಡಿ, ಹಣ್ಣಿನ ಗಿಡದ ಕಡೆ ನೋಡಿ, ಅದು ಬರುವುದು ಅಲ್ಲಿಗೇ. ಹಳದಿ ಶಿರಸ್ತ್ರಾಣ ಇಟ್ಟುಕೊಂಡ ದೊಡ್ಡ ಮಂಗಟ್ಟೆ ಬಂದು ಬಸರಿಯ ಮೇಲೆ ಕೂತಿತು. ಕೊಕ್ಕಿನ ತುದಿಯಲ್ಲಿ ಒಂದೊಂದೇ ಹಣ್ಣು ಕಿತ್ತು, ಮೇಲಕ್ಕೆ ಎಸೆದು, ಗಂಟಲಲ್ಲಿ ಹಿಡಿಯುತ್ತಿತ್ತು. ಮೂರನೇ ಹಣ್ಣಿಗೆ ನನ್ನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಬೀದರಿನ ವ್ಯಾಪಾರಿ. "ತೊಗರಿ ರೇಟ್ ಏನ್ ನಡದದ್ರೀ?" ಮಂಗಟ್ಟೆ ಹೋಯಿತು, ಅಣ್ಣನ ಮಗಳು ಸಂಜೆತನಕ ಮಾತಾಡಲಿಲ್ಲ. ಫೋನು ಸೈಲೆಂಟ್ ಅಲ್ಲ, ಬಂದ್ ಮಾಡಿ.

ಫೆಬ್ರುವರಿಯಿಂದ ಏಪ್ರಿಲ್ ಸುಮಾರಿಗೆ ಹೋದವರಿಗೆ ಗಂಡು ಮಂಗಟ್ಟೆ ಮಾತ್ರ ಕಂಡರೆ ಆಶ್ಚರ್ಯಪಡಬೇಡಿ. ಹೆಣ್ಣು ಗಿಡದ ಪೊಟರೆಯೊಳಗೆ ಸೇರಿ ಬಾಯಿಯನ್ನು ಒಳಗಿನಿಂದ ಮೆತ್ತಿಕೊಂಡು ಸೀಳಷ್ಟೇ ಬಿಟ್ಟಿರುತ್ತದೆ; ಗಂಡು ಹಣ್ಣು ತಂದು ಆ ಸೀಳಿನಲ್ಲಿ ಉಣಿಸುತ್ತದೆ. ಗೂಡು ಎಲ್ಲಿದೆ ಅಂತ ಗೈಡಿಗೆ ಗೊತ್ತಿದ್ದರೂ ತೋರಿಸಿ ಅಂತ ಪೀಡಿಸಬೇಡಿ. ನಾವು ಅಲ್ಲಿ ನಿಂತಷ್ಟು ಹೊತ್ತು ಗಂಡು ಹತ್ತಿರ ಬರುವುದಿಲ್ಲ, ಒಳಗಿದ್ದವರ ಊಟ ತಪ್ಪುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಹಾರುವ ಓತಿ. ನಮ್ಮ ಬೇಲಿಯ ಓತಿಕ್ಯಾತನ ಸಣಕಲು ನೆಂಟ, ತೊಗಟೆಯ ಬಣ್ಣವೇ ಮೈಬಣ್ಣ. ಅದನ್ನು ತೊಗಟೆಯ ಮೇಲೆ ಹುಡುಕಿದರೆ ಸಿಗುವುದಿಲ್ಲ. ನಯವಾದ ಬೋಳು ಕಾಂಡ ಆರಿಸಿಕೊಂಡು ಸುಮ್ಮನೆ ನೋಡುತ್ತಿರಿ. ಗಂಡು ಗಂಟಲ ಕೆಳಗಿನ ಹಳದಿ ಚೀಲವನ್ನು ಫಟ್ಟನೆ ಬಿಚ್ಚಿ ಮುಚ್ಚುತ್ತದೆ. ಕತ್ತಲಲ್ಲಿ ಯಾರೋ ಕಡ್ಡಿ ಗೀರಿ ಆರಿಸಿದಷ್ಟೇ ಹೊತ್ತು. ಒಮ್ಮೆ ಅದು ಕಂಡಿತೋ, ಅದರ ಮೇಲಿನ ತಲೆ, ಕೆಳಗಿನ ಬಾಲ ಎಲ್ಲ ತಾನಾಗಿ ಮೂಡುತ್ತವೆ. ಹಾರುವಾಗ ಪಕ್ಕೆಲುಬು ಅಗಲಿಸಿ ಚರ್ಮವನ್ನು ಕೊಡೆಯಂತೆ ಬಿಚ್ಚುತ್ತದೆ. ಒಣ ಎಲೆ ಬಿದ್ದಂತೆ ಕಾಣುವುದು ನಿಜ. ಆದರೆ ಓರೆಯಾಗಿ ಜಾರಿಹೋಗಿ, ಕೊನೆಗೆ ಮೇಲಕ್ಕೆ ತಿರುಗಿ, ಇನ್ನೊಂದು ಕಾಂಡಕ್ಕೆ ಅಂಟಿಕೊಳ್ಳುವ ಎಲೆ ಎಲ್ಲಾದರೂ ಉಂಟೇ?

ಹಕ್ಕಿಗಳು ಬಿಡಿಬಿಡಿಯಾಗಿ ಬರುವುದಿಲ್ಲ. ಅರ್ಧ ತಾಸು ಏನೂ ಇರುವುದಿಲ್ಲ, ಆಮೇಲೆ ಒಮ್ಮೆಗೇ ಹತ್ತಾರು ಬಗೆ ನುಗ್ಗಿ ಗಿಡ ಜಾಲಾಡಿ ಹೋಗುತ್ತವೆ. ಈ ಬೆರಕೆ ಹಿಂಡಿನ ಜೊತೆ ಹೆಚ್ಚಾಗಿ ಭೀಮರಾಜ ಇರುತ್ತದೆ. ನಮ್ಮ ಹೊಲದ ತಂತಿ ಮೇಲೆ ಕೂರುವ ಕಾಜಾಣದ ಅಣ್ಣ. ಬಾಲದ ಎರಡು ಕಡ್ಡಿಯ ತುದಿಗೆ ಒಂದೊಂದು ಬಿಲ್ಲೆ, ಹಾರಿದರೆ ಎರಡು ದುಂಬಿ ಬೆನ್ನತ್ತಿದ ಹಾಗೆ. ಅದು ಬೇರೆ ಹಕ್ಕಿಗಳ ಕೂಗನ್ನೆಲ್ಲ ಅಣಕಿಸುತ್ತದೆ, ಹಾಗಾಗಿ ಕೇಳಿದ್ದನ್ನೆಲ್ಲ ಪಟ್ಟಿಗೆ ಏರಿಸಬೇಡಿ. ಹಿಂಡು ಬಂದಾಗ ಒಂದನ್ನು ಆರಿಸಿಕೊಂಡು ಅದನ್ನೇ ನೋಡಿ. ಎಲ್ಲವನ್ನೂ ನೋಡಲು ಹೋದ ನನಗೆ ಒಂದೂ ದಕ್ಕಲಿಲ್ಲ. ಮುಸಿಯಗಳು ಇದ್ದಕ್ಕಿದ್ದಂತೆ 'ಖಕ್ಕ್, ಖಕ್ಕ್' ಅಂತ ಕೆಮ್ಮಿದಂತೆ ಕೂಗಿ ಎಲ್ಲವೂ ಒಂದೇ ದಿಕ್ಕಿಗೆ ನೋಡಿದರೆ, ನೀವು ಮುಸಿಯ ನೋಡಬೇಡಿ. ಅವು ನೋಡುವ ಕಡೆ ನೆಲ ನೋಡಿ. ಚಿರತೆ ಇರಬಹುದು. ನಮಗೆ ಆ ಭಾಗ್ಯ ಬರಲಿಲ್ಲ. ಸಿಂಗಳೀಕ, ಅಂದರೆ ಸಿಂಹಬಾಲದ ಮಂಗ, ನೋಡಬೇಕೆನ್ನುವವರು ಕುವೇಶಿಗೆ ಹೋಗಿ ನಿರಾಶರಾಗಬೇಡಿ, ಈ ಜಿಲ್ಲೆಯಲ್ಲಿ ಅದರ ನೆಲೆ ಶಿರಸಿ-ಹೊನ್ನಾವರದ ಅಘನಾಶಿನಿ ಕಣಿವೆ.

ಕಂಡದ್ದನ್ನು ಜೊತೆಯವರಿಗೆ ತೋರಿಸುವುದೂ ಒಂದು ವಿದ್ಯೆ. "ಅಲ್ಲಿ, ಅಲ್ಲಿ, ಆ ಹಸಿರು ಎಲಿ ಹತ್ರ" ಅಂದರೆ ಕಾಡಿನಲ್ಲಿ ಯಾರಿಗೆ ಏನು ತಿಳಿಯಬೇಕು? ಗಿಡದ ನೆತ್ತಿಯನ್ನು ಗಡಿಯಾರ ಅಂದುಕೊಳ್ಳಿ. "ಎರಡನೇ ಗಿಡ, ನಾಲ್ಕು ಗಂಟೆ, ತುದಿಯಿಂದ ಒಂದು ಗೇಣು ಒಳಗೆ" ಅಂತ ಪಿಸುಗುಟ್ಟಿ. ಕೈ ಚಾಚಿ ಬೆರಳು ತೋರಿಸಬೇಡಿ, ಹಕ್ಕಿಗೆ ಅದು ಕಲ್ಲೆತ್ತಿದ ಹಾಗೆ ಕಾಣುತ್ತದೆ. ಕವಣಿ ಬೀಸಿದ ನಾನು ಇದನ್ನು ಚೆನ್ನಾಗಿ ಬಲ್ಲೆ.

ಫೋನಿನ ಕ್ಯಾಮೆರಾದಲ್ಲಿ ಹಸಿರು ಚುಕ್ಕೆಯ ಹೊರತು ಏನೂ ಬರುವುದಿಲ್ಲ, ಬಿಟ್ಟುಬಿಡಿ. ಮಳೆ ನಿಂತ ಹೊಸದರಲ್ಲಿ ಹೋದರೆ ಉಂಬಳ ಹತ್ತುತ್ತವೆ, ನಮ್ಮ ಕಡೆಯ ಜಿಗಣೆಯ ನೆಲದ ಮೇಲಿನ ತಮ್ಮಂದಿರು. ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿಕೊಳ್ಳಿ. ಒಂದು ಮಾತು ಮಾತ್ರ ಹಗುರಾಗಿ ತಗೊಳ್ಳಬೇಡಿ: ಘಟ್ಟದ ಕಾಡುಗಳಲ್ಲಿ ರಕ್ತ ಹೀರುವ ಉಣ್ಣೆ ಹುಳಗಳಿಂದ ಹರಡುವ ಮಂಗನ ಕಾಯಿಲೆ ಉಂಟು, ಚಳಿಗಾಲದಿಂದ ಬೇಸಿಗೆವರೆಗೆ ಅದರ ಕಾಟ ಹೆಚ್ಚು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಗೈಡಿಗೆ ಹೇಳಿ, ತರಗೆಲೆ ಮೇಲೆ ಕೂರಬೇಡಿ, ತಿರುಗಿ ಬಂದ ಮೇಲೆ ಜ್ವರ ಬಂದರೆ ಡಾಕ್ಟರಿಗೆ ಯಾವ ಕಾಡಿಗೆ ಹೋಗಿದ್ದಿರಿ ಅಂತ ಬಾಯಿಬಿಟ್ಟು ಹೇಳಿ.

ಅಷ್ಟು ದೂರ ಹೋಗಲಾಗದವರಿಗೆ ನಮ್ಮ ಚಿಂಚೋಳಿ ವನ್ಯಜೀವಿ ಧಾಮ ಇದೆ, 2011ರಲ್ಲಿ ಘೋಷಣೆಯಾದದ್ದು. ಅದು ಎಲೆ ಉದುರಿಸುವ ಒಣಕಾಡು, ಅಲ್ಲಿ ತೂಗುಹಾದಿಯೂ ಇಲ್ಲ, ಮಂಗಟ್ಟೆಯ ಸಂತೆಯೂ ಇಲ್ಲ. ಆದರೆ ಚಂದ್ರಂಪಳ್ಳಿ ಕೆರೆಯ ಕಡೆ, ಬೇಸಿಗೆಯಲ್ಲಿ ಬೋಳಾದ ಗಿಡಗಳ ನಡುವೆ ಹಸಿರಾಗಿ ನಿಂತ ಆಲವೋ ಅತ್ತಿಯೋ ಸಿಕ್ಕರೆ ಅದರೆದುರು ಅದೇ ಇಪ್ಪತ್ತು ನಿಮಿಷ ನಿಂತು ನೋಡಿ.

ಮಿಲ್ಲಿನ ರೂಢಿಯಂತೆ ಎರಡನೇ ದಿನದ ಆವಕವನ್ನು ರಾತ್ರಿ ವಹಿಯಲ್ಲಿ ಬರೆದಿಟ್ಟೆ. ಕೆಂದಳಿಲು ಎರಡು, ಗೂಡು ಮೂರು. ದೊಡ್ಡ ಮಂಗಟ್ಟೆ ಒಂದು. ಹಾರುವ ಓತಿ ನಾಲ್ಕು, ಅದರಲ್ಲಿ ಹಾರಿದ್ದು ಒಂದು. ಭೀಮರಾಜ ಎರಡು. ಮುಸಿಯ ಎಣಿಸಲಿಲ್ಲ. ಹುಲಿ ಇಲ್ಲ. ಅದರ ಕೆಳಗೆ ಅಣ್ಣನ ಮಗಳು ಕೆಂಪು ಪೆನ್ನಿನಲ್ಲಿ ಸೇರಿಸಿದ್ದಾಳೆ: ಫೋನ್ ಕರೆ, ಒಂದು.